ಅಡಿಕೆ ತೋಟದ ಮದ್ದಿಗೆ ಮರದ ಪೀಪಾಯಿ: ಅದನ್ನು ಕಟ್ಟುವ ಕ್ರಮ

ಅಡಿಕೆ ಬೆಳೆಯುವ ಸೀಮೆಗಳಲ್ಲಿ ಕೊಳೆರೋಗವೆಂದೂ ತೆಂಕಣ ತುಳುನಾಡಿನಲ್ಲಿ ಮಹಾಳಿ ಎಂದೂ ಕರೆಯಲ್ಪಡುವ ವ್ಯಾಧಿಯು ಮಳೆಗಾಲದಲ್ಲಿ ಎಳೆಯ ಕಾಯಿಗಳನ್ನು ಉದುರಿಸಿ, ವರ್ಷದ ಫಸಲನ್ನೇ ಕೆಲವು ವಾರಗಳಲ್ಲಿ ನೆಲದ ಪಾಲು ಮಾಡುವುದೆಂಬುದು ತೋಟಗಾರರೆಲ್ಲರಿಗೂ ತಿಳಿದ ಸಂಗತಿಯೇ. ಇದಕ್ಕೆ ಬೋರ್ಡೋ ದ್ರಾವಣವನ್ನು ಸಿಂಪಡಿಸುವುದು ನೂರು ವರ್ಷಕ್ಕೂ ಮೀರಿ ಪರೀಕ್ಷಿಸಲ್ಪಟ್ಟ ಉಪಾಯ. ಆದರೂ ಕೆಲವರು “ಮದ್ದು ಹೊಡೆದೆವು, ಕಾಯಿ ಉದುರಿತು” ಎಂದು ದೂರುವುದುಂಟು. ಇಂಥ ದೂರುಗಳಲ್ಲಿ ಒಂದು ಪಾಲಿಗೆ ಕಾರಣವು ಮದ್ದೂ ಅಲ್ಲ, ಮಳೆಯೂ ಅಲ್ಲ. ಮದ್ದನ್ನು ಕಲಸಿದ ಪಾತ್ರೆ. ಆದಕಾರಣ ಆ ಪಾತ್ರೆಯನ್ನು ಊರಿನ ಆಚಾರಿಯ ಕೈಯಿಂದಲೇ, ಊರಿನ ಮರದಿಂದಲೇ ಹೇಗೆ ಮಾಡಿಸಿಕೊಳ್ಳಬಹುದೆಂಬುದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ತಿಳಿಸಲಾಗಿದೆ.

ಈ ವಿವರಣೆಗೆ ಸುಳ್ಯ ತಾಲೂಕಿನ ಮಂಡೆಕೋಲು ಗ್ರಾಮವನ್ನು ನಿದರ್ಶನವಾಗಿ ಇಟ್ಟುಕೊಳ್ಳಲಾಗಿದೆ. ಪಶ್ಚಿಮ ಘಟ್ಟದ ತಪ್ಪಲಿನ ಕಡೆಯಿಂದ ಪಯಸ್ವಿನಿ ನದಿಯು ಹರಿದು ಕಾಸರಗೋಡಿಗೆ ಇಳಿಯುವ ಸೀಮೆಯಿದು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ದಕ್ಷಿಣ ಕನ್ನಡವು ಮೈಸೂರು ರಾಜ್ಯಕ್ಕೂ ಕಾಸರಗೋಡು ಕೇರಳಕ್ಕೂ ಸೇರಿ, ಗಡಿಯು ಈ ಗ್ರಾಮದ ಅಂಚಿಗೇ ಬಂದಿತು. ಗಡಿಯ ಎರಡು ಕಡೆಗಳಲ್ಲಿಯೂ ಅಡಿಕೆಯೊಂದೇ, ಮಳೆಯೊಂದೇ, ಮಹಾಳಿಯೂ ಒಂದೇ. ಒಂದು ಕಡೆ ಕಾಡು, ಇನ್ನೊಂದು ಕಡೆ ಗುಡ್ಡದ ಇಳುಕಲಿನಲ್ಲಿ ತೋಟ, ನೀರಿಗೆ ಕೆರೆ, ಬಾವಿ, ಸುರಂಗಗಳು, ಮನೆಯಂಗಳದಲ್ಲಿ ಹಲಸು, ಮಾವು, ಗುಡ್ಡದಲ್ಲಿ ಗೇರು. ಪೀಪಾಯಿಗೆ ಬೇಕಾದ ಸಾಮಗ್ರಿಯೆಲ್ಲವೂ ಇಲ್ಲಿ ಕೈಯಳತೆಯಲ್ಲಿಯೇ ಇದೆ.

ಪೂರ್ವದಲ್ಲಿ ಮಲೆನಾಡಿನ ತೋಟಗಾರರು ಮಳೆಗೆ ಮುಂಚೆ ಗೊನೆಗಳಿಗೆ ಕೊಟ್ಟೆ ಕಟ್ಟಿ ಬೆಳೆಯನ್ನು ಕಾಯುತ್ತಿದ್ದರು. ಒಳ್ಳೆಯ ಕ್ರಮವೇ ಆದರೂ ಮರವೊಂದಕ್ಕೆ ತಗಲುವ ಶ್ರಮ ಬಹಳ. ಫ್ರಾನ್ಸ್ ದೇಶದ ಬೋರ್ಡೋ ಪ್ರಾಂತ್ಯದ ದ್ರಾಕ್ಷಿ ತೋಟಗಳಲ್ಲಿ ಮಿಲಾರ್ದೆ ಎಂಬ ವಿದ್ವಾಂಸನು ಮೈಲುತುತ್ತು ಮತ್ತು ಸುಣ್ಣದ ಮಿಶ್ರಣವು ಬೂಷ್ಟು ರೋಗವನ್ನು ತಡೆಯುವುದೆಂದು 1885ರಲ್ಲಿ ಪ್ರಕಟಿಸಿದನು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಸಸ್ಯರೋಗ ಹಾಗೂ ಕೀಟಶಾಸ್ತ್ರಜ್ಞರಾಗಿ ಬಂದ, ಮುಂದೆ ವ್ಯವಸಾಯದ ಇಲಾಖೆಯ ಡೈರೆಕ್ಟರಾದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ನರು ಅಡಿಕೆಯ ಕೊಳೆರೋಗದ ಮೂಲವನ್ನು ಶೋಧಿಸಿ, ಇದೇ ಮಿಶ್ರಣವನ್ನು ಅಡಿಕೆಗೊನೆಗಳ ಮೇಲೆ ಪ್ರಯೋಗಿಸಿ, 1910ರಲ್ಲಿ ಅದರ ವಿವರವನ್ನು ಪ್ರಕಟಿಸಿದರು. ಆ ಕಾಲದ ಅಳತೆಯಲ್ಲಿ 5 ಪೌಂಡು ಮೈಲುತುತ್ತು, 5 ಪೌಂಡು ಸುಣ್ಣ, 50 ಗ್ಯಾಲನ್ ನೀರು. ಈಗಿನ ಅಳತೆಯಲ್ಲಿ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು. ಪ್ರಮಾಣವು ಅದೇ, ನೂರಕ್ಕೆ ಒಂದು.

ಲೋಹದ ಪಾತ್ರೆ ಏಕೆ ಕೂಡದು

ಮೈಲುತುತ್ತು ಎಂಬುದು ತಾಮ್ರದ ಲವಣ. ಅದರ ನೀಲಿ ನೀರಿನಲ್ಲಿ ಕಬ್ಬಿಣವನ್ನಿಟ್ಟರೆ ಕಬ್ಬಿಣವು ಕರಗಿ ನೀರಿಗಿಳಿಯುತ್ತದೆ. ನೀರಿನಲ್ಲಿದ್ದ ತಾಮ್ರವು ಕಬ್ಬಿಣದ ಮೈಮೇಲೆ ಕೆಂಪು ಲೇಪವಾಗಿ ಕುಳಿತುಕೊಳ್ಳುತ್ತದೆ. ಹೀಗಾದರೆ ಎರಡು ಕೇಡುಗಳು. ಗೊನೆಯ ಮೇಲೆ ಹೋಗಬೇಕಾದ ತಾಮ್ರವು ಪಾತ್ರೆಯಲ್ಲಿಯೇ ಉಳಿಯಿತು. ಪಾತ್ರೆಯೂ ತೂತು ಬಿದ್ದಿತು. ತಗಡಿನ ಡಬ್ಬಿ, ಸತುವು ಬಳಿದ ಬಾಲ್ದಿ, ಎಣ್ಣೆ ಬಂದ ಕಬ್ಬಿಣದ ಡ್ರಮ್ಮು ಇವೆಲ್ಲಕ್ಕೂ ಇದೇ ಗತಿ. ಮದ್ದು ಸರಿಯಾಗಿದೆಯೇ ಎಂದು ನೋಡುವ ಪರೀಕ್ಷೆಯೂ ಈ ಗುಣದ ಮೇಲೆಯೇ ನಿಂತಿದೆ: ಉಜ್ಜಿ ಬೆಳಗಿದ ಚೂರಿಯ ಅಲಗನ್ನು ತಯಾರಾದ ದ್ರಾವಣದಲ್ಲಿ ಒಂದು ನಿಮಿಷ ಅದ್ದಿ ತೆಗೆದಾಗ ಕೆಂಪು ಕಂಡರೆ ಸುಣ್ಣ ಸಾಲದೆಂದು ಅರ್ಥ, ಇನ್ನಷ್ಟು ಸುಣ್ಣದ ತಿಳಿಯನ್ನು ಸೇರಿಸತಕ್ಕದ್ದು. ಕೆಂಪು ಹಿಡಿಯುವ ದ್ರಾವಣವನ್ನು ಹಾಗೆಯೇ ಹೊಡೆದರೆ ಎಳೆಗಾಯಿಯೂ ಸೋಗೆಯೂ ಸುಡುವ ಸಂಭವವಿದೆ.

ಮಣ್ಣಿನ ಹಂಡೆಗೆ ಈ ದೋಷವಿಲ್ಲ. ಆದರೆ ನೂರು ಲೀಟರಿನ ಹಂಡೆಯನ್ನು ಜಾರುವ ತೋಟದಲ್ಲಿ ಹೊತ್ತು ನಡೆಯುವವರು ಯಾರು? ಪ್ಲಾಸ್ಟಿಕ್ಕಿನ ಪೀಪಾಯಿಯು ಈಗ ಎಲ್ಲೆಡೆ ಬಂದಿದೆ. ಅದಕ್ಕೆ ಮೈಲುತುತ್ತಿನಿಂದ ಬಾಧೆಯಿಲ್ಲ, ಬೆಲೆಯೂ ಕಡಿಮೆ. ಹೊಸತಾಗಿ ಕೊಂಡದ್ದಾದರೆ ಆಕ್ಷೇಪಣೆಯಿಲ್ಲ. ಆಕ್ಷೇಪಣೆ ಇರುವುದು ಕಾರ್ಖಾನೆಯ ರಸಾಯನವನ್ನೋ ಕೀಟನಾಶಕವನ್ನೋ ತುಂಬಿ ಬಂದ ಹಳೆಯ ಪೀಪಾಯಿಗಳ ವಿಷಯದಲ್ಲಿ. ಅವು ಅಗ್ಗವೆಂದು ಮನೆಗೆ ಬರುತ್ತವೆ. ಮೊದಲ ವರ್ಷ ಮದ್ದಿಗೆ, ಎರಡನೆಯ ವರ್ಷ ದನದ ಅಕ್ಕಚ್ಚಿಗೆ, ಮೂರನೆಯ ವರ್ಷ ಅಡಿಗೆಮನೆಯ ಉಪ್ಪುಸೊಳೆಗೆ! ಬಿಸಿಲಿನಲ್ಲಿ ಬಿದ್ದ ಪ್ಲಾಸ್ಟಿಕ್ಕು ಕೆಲವು ವರ್ಷಗಳಲ್ಲಿ ಗರಿಗಟ್ಟಿ ಸೀಳುತ್ತದೆ, ಸೀಳಿದುದನ್ನು ಜೋಡಿಸುವಂತಿಲ್ಲ. ಮರದ ಪೀಪಾಯಿಯಲ್ಲಿ ಒಂದು ಹಲಗೆ ಕೆಟ್ಟರೆ ಆ ಒಂದನ್ನೇ ಬದಲಿಸಬಹುದು. ಹಲಸಿನ ಮರವೂ ಕೈಬಲ್ಲ ಆಚಾರಿಯೂ ಇರುವ ಊರಿನಲ್ಲಿ ಇದು ಸಣ್ಣ ಲಾಭವಲ್ಲ.

ಮರಿಗೆಯೂ ಪೀಪಾಯಿಯೂ

ಈ ಸೀಮೆಯ ಹಳೆಯ ಮನೆಗಳಲ್ಲಿ ಮರದ ಪಾತ್ರೆಗೆ ಕೊರತೆಯಿರಲಿಲ್ಲ. ಅವು ಬಹುಪಾಲು ಒಂದೇ ದಿಮ್ಮಿಯನ್ನು ಬಾಚಿಯಿಂದ ತೋಡಿ ಮಾಡಿದ ಮರಿಗೆ, ದೋಣಿಗಳು. ತೋಡಿದ ಪಾತ್ರೆಗೆ ಸಂದಿಲ್ಲ, ಬಳೆ ಬೇಡ. ಆದರೆ ದೊಡ್ಡ ಪಾತ್ರೆಗೆ ದೊಡ್ಡ ಮರವೇ ಬೇಕು. ಅದರಲ್ಲಿ ಬಹುಭಾಗ ಚಕ್ಕೆಯಾಗಿ ಒಲೆ ಸೇರುತ್ತದೆ. ತಿರುಳು ಒಳಗೆ ಉಳಿದರೆ ಒಣಗುವಾಗ ಅಲ್ಲಿಂದಲೇ ಬಿರುಕು ಹುಟ್ಟುತ್ತದೆ. ಹಲಗೆಗಳನ್ನು ಸುತ್ತಲೂ ನಿಲ್ಲಿಸಿ ಬಳೆಯಿಂದ ಬಿಗಿದು ಪಾತ್ರೆ ಮಾಡುವ ವಿದ್ಯೆ ಬೇರೆ ಬಗೆಯದು. ಆಲ್ಪ್ಸ್ ಪರ್ವತದ ಸುತ್ತಿನ ಜನರು ದ್ರಾಕ್ಷಾರಸವನ್ನು ಬಳೆ ಬಿಗಿದ ಮರದ ಪಾತ್ರೆಗಳಲ್ಲಿ ಇಡುತ್ತಿದ್ದರೆಂದು ರೋಮಿನ ಪ್ಲಿನಿಯು ಮೊದಲನೆಯ ಶತಮಾನದಲ್ಲಿಯೇ ಬರೆದಿದ್ದಾನೆ. ನಮ್ಮ ಕರಾವಳಿಗೆ ಅದು ಹಡಗಿನ ಮಾರ್ಗವಾಗಿ ಬಂದಿತು. ‘ಪೀಪಾಯಿ’ ಎಂಬ ಮಾತು ಸಹ ಪೋರ್ತುಗೀಜರ ‘ಪೀಪ’ದಿಂದ ಬಂದದ್ದು.

ಪೀಪಾಯಿಯಲ್ಲಿ ಎರಡು ತರ. ನಡುವು ಉಬ್ಬಿ ಎರಡು ತುದಿಗಳೂ ಮುಚ್ಚಿರುವುದು ಒಂದು; ಇದನ್ನು ಹಡಗಿನಲ್ಲಿ ಪೇರಿಸಲು, ನೆಲದ ಮೇಲೆ ಉರುಳಿಸಲು ಅನುಕೂಲ. ಮೇಲೆ ತೆರೆದ ಬಾಯಿಯುಳ್ಳ ನೇರ ಹಲಗೆಯ ತೊಟ್ಟಿ ಇನ್ನೊಂದು. ಮದ್ದು ಕಲಸಲು ಬೇಕಾದದ್ದು ಎರಡನೆಯದೇ. ಉಬ್ಬಿನ ಪೀಪಾಯಿಗೆ ಹಲಗೆಗಳನ್ನು ಬೆಂಕಿಯಿಂದ ಬಗ್ಗಿಸಬೇಕಾಗುವುದರಿಂದ ಅದು ವರ್ಷಗಟ್ಟಲೆ ಕಲಿತವರ ಕಸುಬು. ತೊಟ್ಟಿಯನ್ನಾದರೋ ಬಾಗಿಲು, ಕಿಟಕಿ ಮಾಡಬಲ್ಲ ಯಾವ ಆಚಾರಿಯಾದರೂ ಒಂದೆರಡು ಸಲ ಕೆಡಿಸಿ ಕಲಿತುಕೊಳ್ಳಬಹುದು. ಮೊದಲನೆಯದನ್ನು ಸಣ್ಣದಾಗಿ ಮಾಡಿಸುವುದು ಜಾಣತನ.

ಮರ

ಯೂರೋಪಿನ ಪೀಪಾಯಿಗಳು ಓಕ್ ಮರದವು. ಅದು ನಮ್ಮಲ್ಲಿ ಇಲ್ಲ, ಇಲ್ಲದ್ದರಿಂದ ನಷ್ಟವೂ ಇಲ್ಲ. ತಿರುಳು ಬಲಿತ ಹಲಸು, ಹೆಬ್ಬಲಸು ಎರಡೂ ನೀರಿಗೆ ತಾಳುವ ಮರಗಳು. ಹೆಬ್ಬಲಸಿನಿಂದ ಕರಾವಳಿಯವರು ದೋಣಿಗಳನ್ನೇ ಮಾಡಿದ್ದಾರೆ. ತೇಗವು ಉತ್ತಮ, ಆದರೆ ಬೆಲೆ ಹೆಚ್ಚು. ಮಾವು ಅಗ್ಗವಾದರೂ ಹುಳು ಹಿಡಿಯುವುದೂ ಕೊಳೆಯುವುದೂ ಬೇಗ. ಹೊನ್ನೆಯನ್ನು ನೀರಿನಲ್ಲಿಟ್ಟರೆ ಬಣ್ಣ ಬಿಡುತ್ತದೆ. ಆಹಾರದ ಪಾತ್ರೆಗೆ ಅದು ಬೇಡ. ಯಾವ ಮರವಾದರೂ ಸರಿ, ಹೊರಗಿನ ಬಿಳಿ ಭಾಗವನ್ನು ನಿರ್ದಾಕ್ಷಿಣ್ಯವಾಗಿ ಬಿಡತಕ್ಕದ್ದು. ಹುಳು ಮೊದಲು ಹೊಕ್ಕುವುದೂ ನೀರು ಮೊದಲು ಸೋರುವುದೂ ಅಲ್ಲಿಂದಲೇ. ತನ್ನ ಪಟ್ಟಾ ಸ್ಥಳದ ಮರವಾದರೂ ಕಡಿಯುವ ಮುಂಚೆ 1976ರ ಮರಗಳ ಸಂರಕ್ಷಣಾ ಕಾಯಿದೆಯ ಪ್ರಕಾರ ಅನುಮತಿ ಬೇಕೇ ಎಂಬುದನ್ನು ಅರಣ್ಯ ಇಲಾಖೆಯಲ್ಲಿ ವಿಚಾರಿಸಿಕೊಳ್ಳುವುದು ಕ್ಷೇಮ.

ದಿಮ್ಮಿಯನ್ನು ಕೊಯ್ಯುವ ರೀತಿಯೇ ಪೀಪಾಯಿಯ ಆಯುಸ್ಸನ್ನು ನಿರ್ಣಯಿಸುತ್ತದೆ. ದಿಮ್ಮಿಯ ತುದಿಯನ್ನು ನೋಡಿದರೆ ವರ್ತುಲಗಳು ಕಾಣುತ್ತವೆ. ತಿರುಳಿನಿಂದ ತೊಗಟೆಯ ಕಡೆಗೆ, ಚಕ್ರದ ಅರೆಗಳಂತೆ, ನವಿರಾದ ಗೆರೆಗಳೂ ಹರಡಿರುತ್ತವೆ. ಹಲಗೆಯ ಅಗಲವು ಈ ಅರೆಗಳ ದಿಕ್ಕಿನಲ್ಲಿ ಇರುವಂತೆ ಕೊಯ್ಯಬೇಕು. ಹಾಗೆ ಕೊಯ್ದ ಹಲಗೆಯು ಒಣಗಿದಾಗ ಸೊಟ್ಟಗಾಗುವುದು ಕಡಿಮೆ, ಅಗಲದಲ್ಲಿ ಕುಗ್ಗುವುದೂ ಕಡಿಮೆ. ಒಳಗಿನ ನೀರು ಹೊರಕ್ಕೆ ಜಿನುಗುವ ದಾರಿಗೆ ಆ ಗೆರೆಗಳು ಅಡ್ಡಗೋಡೆಗಳಂತೆ ನಿಲ್ಲುತ್ತವೆ. ದಿಮ್ಮಿಯನ್ನು ಒಂದೇ ಸಮನೆ ಪಕ್ಕದಿಂದ ಪಕ್ಕಕ್ಕೆ ಕೊಯ್ದರೆ ನಡುವಿನ ಒಂದೆರಡು ಹಲಗೆಗಳು ಮಾತ್ರ ಈ ಗುಣವನ್ನು ಪಡೆಯುತ್ತವೆ. ಆದ್ದರಿಂದ ಮೊದಲು ದಿಮ್ಮಿಯನ್ನು ನಾಲ್ಕು ಸೀಳು ಮಾಡಿ, ಅನಂತರ ಪ್ರತಿಯೊಂದು ಸೀಳಿನಿಂದ ಹಲಗೆ ತೆಗೆಯತಕ್ಕದ್ದು. ಮಿಲ್ಲಿನವರು ಮರ ಹಾಳೆಂದು ಗೊಣಗುವರು, ಗೊಣಗಲಿ.

ಹಲಗೆಯನ್ನು ಒಂದೂಕಾಲು ಅಂಗುಲ ದಪ್ಪಕ್ಕೆ ಕೊಯ್ಯಿಸಿ, ಒಂದರ ಮೇಲೊಂದು ನಡುವೆ ಸಣ್ಣ ರೀಪುಗಳನ್ನಿಟ್ಟು, ನೆರಳಿನಲ್ಲಿ ಗಾಳಿಯಾಡುವಂತೆ ಪೇರಿಸಬೇಕು. ಅಂಗುಲ ದಪ್ಪಕ್ಕೆ ಒಂದು ವರ್ಷವೆಂಬುದು ಬಡಗಿಗಳ ಹಳೆಯ ಲೆಕ್ಕ. ಮಂಡೆಕೋಲಿನಂಥ ಸ್ಥಳದಲ್ಲಿ ಜೂನಿನಿಂದ ನಾಲ್ಕು ತಿಂಗಳು ಗಾಳಿಯೇ ನೀರಾಗಿರುವುದರಿಂದ ಈ ಲೆಕ್ಕದಲ್ಲಿ ಕಡಿಮೆ ಮಾಡುವುದಕ್ಕೆ ಎಡೆಯಿಲ್ಲ. ಮಳೆ ನಿಂತ ಮೇಲೆ ಕೊಯ್ಯಿಸಿ, ಮಳೆಗಾಲದಲ್ಲಿ ಅಡಿಗೆಮನೆಯ ಅಟ್ಟದ ಮೇಲಿರಿಸಿ, ಮುಂದಿನ ಬೇಸಗೆಯಲ್ಲಿ ಕೆಲಸಕ್ಕೆ ತೆಗೆಯುವುದು ಸರಿಯಾದ ಕ್ರಮ. ಹಸಿ ಹಲಗೆಯಿಂದ ಕಟ್ಟಿದ ಪೀಪಾಯಿಯು ಕಟ್ಟಿದ ದಿವಸ ಚೆನ್ನಾಗಿಯೇ ಕಾಣುತ್ತದೆ. ಒಣಗಿದ ಬಳಿಕ ಸಂದುಗಳಲ್ಲಿ ಬೆಳಕು ಕಾಣುತ್ತದೆ.

ಅಳತೆ

ನೂರು ಲೀಟರು ಮದ್ದು ಕಲಸಲು ಒಳಗಿನ ಅಡ್ಡಳತೆ ತಳದಲ್ಲಿ 21 ಅಂಗುಲ, ಬಾಯಲ್ಲಿ 19 ಅಂಗುಲ, ಒಳಗಿನ ಎತ್ತರ 24 ಅಂಗುಲ ಇರುವ ತೊಟ್ಟಿ ಸಾಕು. ಇದರಲ್ಲಿ ತಳದಿಂದ 19 ಅಂಗುಲದವರೆಗೆ ತುಂಬಿದರೆ ಹೆಚ್ಚುಕಡಿಮೆ ನೂರು ಲೀಟರು ಹಿಡಿಯುತ್ತದೆ. ಮೇಲಿನ 5 ಅಂಗುಲವು ಕೋಲಾಡಿಸಲು ಬಿಟ್ಟ ಜಾಗ. ತಳವು ಅಗಲವಾಗಿಯೂ ಬಾಯಿ ಕಿರಿದಾಗಿಯೂ ಏಕೆಂದರೆ, ಬಳೆಯು ಕಿರಿದಾದ ಕಡೆಯಿಂದ ಅಗಲವಾದ ಕಡೆಗೆ ಹೊಡೆದಷ್ಟೂ ಬಿಗಿಯುತ್ತದೆ. ಬಾಯಿ ಅಗಲವಾದ ತೊಟ್ಟಿಯಲ್ಲಿ ಮರ ಒಣಗಿ ಬಳೆ ಸಡಿಲಿದರೆ ಅದು ಕೆಳಕ್ಕೆ ಕಳಚಿ ಬೀಳುತ್ತದೆ. ತಳ ಅಗಲವಾದುದರಲ್ಲಿ ಸಡಿಲಿದ ಬಳೆಯು ತನ್ನ ಭಾರದಿಂದಲೇ ಇನ್ನೊಂದಿಷ್ಟು ಕೆಳಗಿಳಿದು ಅಲ್ಲಿಯೇ ನಿಲ್ಲುತ್ತದೆ.

ಹಲಗೆಯ ಉದ್ದ 26½ ಅಂಗುಲ: ಒಳಗಿನ 24, ತಳದ ದಪ್ಪ 1, ತಳದ ಕೆಳಗೆ ನೆಲಕ್ಕೆ ತಾಗುವ ಅಂಚು 1½. ಕೀಸಿದ ಮೇಲೆ ದಪ್ಪವು ಮುಕ್ಕಾಲು ಅಂಗುಲವಿರಲಿ. ಆಗ ತಳದಲ್ಲಿ ಹೊರಗಿನ ಅಡ್ಡಳತೆ 22½ ಅಂಗುಲವಾಗಿ ಸುತ್ತಳತೆಯು 71 ಅಂಗುಲಕ್ಕೆ ಸ್ವಲ್ಪ ಕಡಿಮೆಯಾಗುತ್ತದೆ. ಬುಡದಲ್ಲಿ ಮೂರೂವರೆ ಅಂಗುಲ ಅಗಲದ ಹಲಗೆಯಾದರೆ ಇಪ್ಪತ್ತು ಹಲಗೆ, ಚೂರು ಹೆಚ್ಚು. ಎಲ್ಲ ಹಲಗೆಗಳೂ ಒಂದೇ ಅಗಲವಿರಬೇಕೆಂಬ ನಿಯಮವಿಲ್ಲ. ಮರ ಕೊಟ್ಟಷ್ಟು ಅಗಲ ತೆಗೆದುಕೊಂಡು, ಒಟ್ಟು ಮೊತ್ತವು ಸುತ್ತಳತೆಗೆ ಸರಿಬಂದರಾಯಿತು. ನಿಯಮವಿರುವುದು ಬೇರೊಂದರಲ್ಲಿ. ಬುಡದ ಅಗಲಕ್ಕಿಂತ ತುದಿಯ ಅಗಲವು ಎಲ್ಲ ಹಲಗೆಗಳಲ್ಲಿಯೂ ಒಂದೇ ಪ್ರಮಾಣದಲ್ಲಿ ಕಡಿಮೆಯಾಗಬೇಕು. ಮೂರೂವರೆ ಅಂಗುಲದ ಹಲಗೆಗೆ ಅದು ಸುಮಾರು ಎರಡೂವರೆ ನೂಲು. ಅಗಲ ಹಲಗೆಗೆ ಹೆಚ್ಚು, ಕಿರಿ ಹಲಗೆಗೆ ಕಡಿಮೆ.

ಹಲಗೆ ತಿದ್ದುವುದು

ಪ್ರತಿಯೊಂದು ಹಲಗೆಯ ಹೊರಮೈಯನ್ನು ಉಬ್ಬಾಗಿಯೂ ಒಳಮೈಯನ್ನು ತಗ್ಗಾಗಿಯೂ ಬಾಚಿಯಿಂದ ಕೆತ್ತಿ, ಅನಂತರ ಕೀಸುಳಿಯಿಂದ ನುಣುಪು ಮಾಡಬೇಕು. ಇದು ಸುಲಭ. ಕಷ್ಟವಾದದ್ದು ಪಕ್ಕದ ಅಂಚು. ಎರಡು ಹಲಗೆಗಳ ಅಂಚುಗಳು ಕೂಡುವ ಸಂದು ಪಾತ್ರೆಯ ನಟ್ಟನಡುವಿನ ಕಡೆಗೆ ಮುಖ ಮಾಡಿರಬೇಕು. ಗಾಡಿಯ ಚಕ್ರದಲ್ಲಿ ಅರೆಗಳೆಲ್ಲ ಗುಂಬದ ಕಡೆಗೆ ನೋಡುವಂತೆಯೇ ಎಂದು ತಿಳಿಯಬಹುದು. ಅಂಚನ್ನು ಚೌಕವಾಗಿ ಬಿಟ್ಟರೆ ಹಲಗೆಗಳು ಒಳಗಡೆ ಮಾತ್ರ ತಾಗಿ ಹೊರಗೆ ಬಾಯಿ ಬಿಡುತ್ತವೆ. ಹೆಚ್ಚು ಓರೆ ಮಾಡಿದರೆ ಹೊರಗೆ ತಾಗಿ ಒಳಗೆ ಬಾಯಿ ಬಿಡುತ್ತವೆ. ಎರಡನೆಯ ದೋಷವು ಹೆಚ್ಚು ಮೋಸದ್ದು. ಹೊರಗಿನಿಂದ ನೋಡಿದವನಿಗೆ ಸಂದು ಬಿಗಿಯಾಗಿಯೇ ಕಾಣುತ್ತದೆ, ನೀರು ಹಾಕಿದಾಗ ಮಾತ್ರ ಗುಟ್ಟು ಬಯಲಾಗುತ್ತದೆ.

ಇದಕ್ಕೆ ಕಣ್ಣಂದಾಜನ್ನು ನಂಬದೆ ಒಂದು ಅಚ್ಚು ಮಾಡಿಕೊಳ್ಳತಕ್ಕದ್ದು. ಕೈವಾರವನ್ನು 11¼ ಅಂಗುಲಕ್ಕೆ ತೆರೆದು ತೆಳುವಾದ ಹಲಗೆಯ ಮೇಲೆ ವರ್ತುಲದ ಒಂದು ತುಂಡನ್ನು ಎಳೆದು, ಅದರ ಒಂದು ತುದಿಯಿಂದ ಕೈವಾರದ ಮುಳ್ಳು ನಿಂತಿದ್ದ ಚುಕ್ಕೆಯ ಕಡೆಗೆ ನೇರಗೆರೆ ಎಳೆಯಬೇಕು. ಬಾಗಿದ ಗೆರೆಯ ಒಳಬದಿಯನ್ನು ಕತ್ತರಿಸಿ ತೆಗೆದರೆ, ಹಲಗೆಯ ಉಬ್ಬಿನ ಮೇಲೆ ಕುಳಿತುಕೊಳ್ಳುವ ಬಾಗು ಒಂದು ಕಡೆ, ಅಂಚಿನ ಓರೆಯನ್ನು ತೋರಿಸುವ ತೋಳು ಇನ್ನೊಂದು ಕಡೆ ಉಳಿಯುತ್ತವೆ. ಹಲಗೆ ಅಗಲವಿರಲಿ, ಕಿರಿದಿರಲಿ, ಈ ಅಚ್ಚು ತಪ್ಪು ಹೇಳುವುದಿಲ್ಲ. ಬಾಯಿಯ ಕಡೆಗೆ ವರ್ತುಲವು ಒಂದಂಗುಲ ಚಿಕ್ಕದಾದ ಇನ್ನೊಂದು ಅಚ್ಚು ಇದ್ದರೆ ಮತ್ತೂ ಒಳ್ಳೆಯದು. ಅಂಚನ್ನು ಕೀಸುವಾಗ ಹಲಗೆಯ ಮೇಲೆ ಕೀಸುಳಿಯನ್ನು ಓಡಿಸುವುದಕ್ಕಿಂತ, ಉದ್ದವಾದ ಕೀಸುಳಿಯನ್ನು ಬೋರಲಾಗಿ ಓರೆಯಾಗಿ ನಿಲ್ಲಿಸಿ ಹಲಗೆಯನ್ನೇ ಅದರ ಮೇಲೆ ತಳ್ಳುವುದು ಪೀಪಾಯಿ ಕಟ್ಟುವವರ ಪದ್ಧತಿ. ಕೈಗೆ ಹಿಡಿತ ಸಿಕ್ಕ ಮೇಲೆ ಕೆಲಸ ಬೇಗ ಸಾಗುತ್ತದೆ; ಬೆರಳಿನ ಬಗ್ಗೆ ಎಚ್ಚರವಿರಬೇಕು. ಎರಡು ಹಲಗೆಗಳ ಅಂಚು ಕೂಡಿಸಿ ಸೂರ್ಯನ ಕಡೆಗೆ ಹಿಡಿದಾಗ ಬೆಳಕಿನ ಎಳೆ ಕಾಣಬಾರದು. ಅಂಟು, ಮೇಣ, ಹತ್ತಿ ಯಾವುದನ್ನೂ ನಂಬುವಂತಿಲ್ಲ. ಸಂದನ್ನು ಮುಚ್ಚುವುದು ಮರ ಮತ್ತು ಮರದ ಒತ್ತಡವೇ.

ಎಬ್ಬಿಸುವುದು, ಬಳೆ ತೊಡಿಸುವುದು

ಬೆತ್ತವನ್ನು ಹೆಣೆದ ತಾತ್ಕಾಲಿಕ ಬಳೆಯೊಂದನ್ನು ಬಾಯಿಯ ಅಳತೆಗೆ ಮಾಡಿಕೊಂಡು, ಸಮನಾದ ನೆಲದ ಮೇಲೆ ಹಲಗೆಗಳನ್ನು ಅಗಲ ಬುಡ ಕೆಳಗಾಗಿ ಅದರ ಒಳಗೆ ಒಂದೊಂದಾಗಿ ನಿಲ್ಲಿಸುತ್ತ ಬರಬೇಕು. ಮೊದಲ ಮೂರು ನಾಲ್ಕು ಹಲಗೆಗಳು ಬೀಳದಂತೆ ಇನ್ನೊಬ್ಬನು ಹಿಡಿದುಕೊಂಡಿರಲಿ. ಕೊನೆಯ ಹಲಗೆಯನ್ನು ಮೊದಲೇ ಅಳೆದು ಕೀಸಬಾರದು. ಉಳಿದ ಸ್ಥಳವನ್ನು ನೋಡಿ, ಮೇಲಿನಿಂದ ಕೊಡತಿಯಿಂದ ಬಡಿದರೆ ಬಿಗಿಯಾಗಿ ಇಳಿಯುವಷ್ಟು ಮಾತ್ರ ಕೀಸಬೇಕು. ಬುಡದ ಕಡೆಗೆ ತೆಂಗಿನ ನಾರಿನ ಹಗ್ಗವನ್ನು ಎರಡು ಸುತ್ತು ಹಾಕಿ, ಅದರಲ್ಲಿ ಕೋಲು ತೂರಿಸಿ ತಿರುಚಿದರೆ ಹಲಗೆಗಳೆಲ್ಲ ಒಂದನ್ನೊಂದು ಒತ್ತಿ ನಿಲ್ಲುತ್ತವೆ. ಆಗ ಖಾಯಂ ಬಳೆಗಳ ಅಳತೆಯನ್ನು ತೆಗೆದುಕೊಳ್ಳಬಹುದು.

ಬಳೆಗೆ ಒಂದೂಕಾಲು ಅಂಗುಲ ಅಗಲದ ತೆಳು ಕಬ್ಬಿಣದ ಪಟ್ಟಿ ಸಾಕು. ಕೆಳಗೊಂದು, ತಳದ ಹಲಗೆ ಕೂರುವಲ್ಲಿಗೆ ಸರಿಯಾಗಿ ಒಂದು, ನಡುವೆ ಒಂದು, ಬಾಯಿಗೊಂದು, ಒಟ್ಟು ನಾಲ್ಕು. ಗಾಡಿಯ ಚಕ್ರಕ್ಕೆ ಪಟ್ಟೆಯನ್ನು ಕಾಯಿಸಿ ತೊಡಿಸಿ ನೀರೆರೆದು ಬಿಗಿಯುವುದನ್ನು ಕಂಡ ಕಮ್ಮಾರನು ಇಲ್ಲಿಯೂ ಹಾಗೆಯೇ ಮಾಡಲು ಹೊರಡುವನು. ಅದು ಬೇಡ. ಪೀಪಾಯಿಯ ಬಳೆಯು ತಣ್ಣಗಿದ್ದೇ ಹೊಡೆತದಿಂದ ಬಿಗಿಯಬೇಕಾದದ್ದು. ಮುಂದೆ ಸಡಿಲಿದಾಗ ಮತ್ತೆ ಹೊಡೆಯಲು ಅವಕಾಶವಿರಬೇಕು. ಪಟ್ಟಿಯ ಎರಡು ತುದಿಗಳನ್ನು ಒಂದರ ಮೇಲೊಂದಿಟ್ಟು ಎರಡು ರಿವೆಟ್ ಹೊಡೆದು, ಕೆಳಗಿನ ಅಂಚನ್ನು ಅಡಿಗಲ್ಲಿನ ಮೇಲೆ ತಟ್ಟಿ ಸ್ವಲ್ಪ ಹಿಗ್ಗಿಸಿದರೆ ತೊಟ್ಟಿಯ ಓರೆಗೆ ಬಳೆಯು ಹೊಂದಿಕೊಂಡು ಕೂರುತ್ತದೆ. ಹೊಡೆಯುವಾಗ ಬಳೆಯ ಅಂಚಿನ ಮೇಲೆ ಗಟ್ಟಿ ಮರದ ತುಂಡೊಂದನ್ನಿಟ್ಟು, ಅದರ ಮೇಲೆ ಪೆಟ್ಟು ಕೊಡುತ್ತ, ಸುತ್ತಲೂ ನಡೆಯುತ್ತ ಹೊಡೆಯಬೇಕು. ಒಂದೇ ಕಡೆ ಹೊಡೆದರೆ ಬಳೆ ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಮೊಳೆ ಹೊಡೆಯುವುದು ಮಾತ್ರ ಎಲ್ಲಿಯೂ ಕೂಡದು. ಒಳಗೆ ಇಣುಕಿದ ಮೊಳೆಯ ಮೊನೆಯನ್ನು ಮೈಲುತುತ್ತು ಹುಡುಕಿಕೊಂಡು ತಿನ್ನುತ್ತದೆ.

ಈಗ ತಳ. ತೊಟ್ಟಿಯನ್ನು ಬೋರಲು ಹಾಕಿ, ಒಳಗಡೆ ಅಂಚಿನಿಂದ ಸುಮಾರು ಒಂದೂವರೆ ಅಂಗುಲ ಬಿಟ್ಟು, ಸುತ್ತಲೂ ಎರಡು ನೂಲು ಆಳ, ಮೂರು ನೂಲು ಅಗಲದ ಕಚ್ಚನ್ನು ಕೊರೆಯಬೇಕು. ಗರಗಸದ ಅಲಗಿನ ಚಿಕ್ಕ ತುಂಡನ್ನು ಮರದ ದಿಂಡಿಗೆ ಸಿಕ್ಕಿಸಿ, ದಿಂಡು ಅಂಚಿನ ಮೇಲೆ ಜಾರುವಂತೆ ಮಾಡಿಕೊಂಡರೆ ಕಚ್ಚಿನ ಗೆರೆ ಎಲ್ಲಿಯೂ ಏರಿಳಿಯುವುದಿಲ್ಲ. ಉಳಿದುದನ್ನು ಉಳಿಯಿಂದ ತೆಗೆಯಬಹುದು. ತಳದ ಹಲಗೆಯ ಅಳತೆಗೆ ಲೆಕ್ಕಾಚಾರ ಬೇಡ. ಕೈವಾರದ ಮೊನೆಯನ್ನು ಕಚ್ಚಿನ ಒಳಗಿಟ್ಟು ಸುತ್ತಲೂ ಹೆಜ್ಜೆ ಹಾಕುತ್ತ ಹೋಗಿ, ಸರಿಯಾಗಿ ಆರು ಹೆಜ್ಜೆಗೆ ಹೊರಟ ಸ್ಥಳಕ್ಕೇ ಬರುವಂತೆ ಕೈವಾರವನ್ನು ಹೆಚ್ಚಿಸಿ ತಗ್ಗಿಸಿ ಹೊಂದಿಸಿದರೆ, ಆ ತೆರಪೇ ತಳದ ವರ್ತುಲವನ್ನು ಎಳೆಯಬೇಕಾದ ಅಳತೆ. ಅಕ್ಷರ ಬಾರದ ಕಸುಬುದಾರರು ಸಹ ಈ ಉಪಾಯದಿಂದಲೇ ಶತಮಾನಗಳ ಕಾಲ ತಳ ಕೂರಿಸಿದ್ದಾರೆ.

ತಳಕ್ಕೆ ಅಂಗುಲ ದಪ್ಪದ ನಾಲ್ಕೈದು ಹಲಗೆಗಳನ್ನು ಬೈರಿಗೆಯಿಂದ ತೂತು ಕೊರೆದು ಬಿದಿರಿನ ಗೂಟಗಳಿಂದ ಕೂಡಿಸಬೇಕು. ಸಂದಿನ ನಡುವೆ ಒಣಗಿದ ಜೊಂಡಿನ ಎಲೆಯ ಸೀಳನ್ನಿಡುವುದು ಪರದೇಶದ ಪದ್ಧತಿ. ಅದು ನೀರು ಕುಡಿದು ಉಬ್ಬಿ ಸಂದನ್ನು ತುಂಬುತ್ತದೆ. ವರ್ತುಲವನ್ನು ಕತ್ತರಿಸಿ, ಅಂಚನ್ನು ಎರಡು ಕಡೆಯಿಂದಲೂ ಓರೆ ಕೆತ್ತಿ, ಕಚ್ಚಿಗೆ ಹೊಂದುವಂತೆ ತೆಳು ಮಾಡಬೇಕು. ಕೆಳಗಿನ ಎರಡು ಬಳೆಗಳನ್ನು ಸಡಿಲಿಸಿದರೆ ಹಲಗೆಗಳು ಬಾಯಿ ಬಿಡುತ್ತವೆ. ಆಗ ತಳವನ್ನು ಕಚ್ಚಿಗೆ ಇಳಿಸಿ, ತೊಟ್ಟಿಯನ್ನು ನೆಟ್ಟಗೆ ನಿಲ್ಲಿಸಿ ಬಳೆಗಳನ್ನು ಮತ್ತೆ ಹೊಡೆಯಬೇಕು. ತಳದ ಕೆಳಗಿನ ಅಂಚು ನೆಲಕ್ಕೆ ತಾಗಿ, ತಳವು ಮಾತ್ರ ನೆಲದಿಂದ ಮೇಲೆ ನಿಲ್ಲುವುದರಿಂದ ಕೆಸರೂ ಗೆದ್ದಲೂ ಅದಕ್ಕೆ ಬೇಗ ಮುಟ್ಟುವುದಿಲ್ಲ.

ಕುದಿಯುವ ನೀರನ್ನು ಎರಡು ಕೊಡ ಸುರಿದು ಪೀಪಾಯಿಯನ್ನು ಅಲುಗಾಡಿಸಿದರೆ ಎಲ್ಲಿ ಹಬೆ ಅಥವಾ ಹನಿ ಬರುತ್ತದೆಂಬುದು ಕಾಣುತ್ತದೆ. ಆ ಕಡೆಯ ಬಳೆಯನ್ನು ಇನ್ನೊಂದು ಸುತ್ತು ಹೊಡೆದು, ತಣ್ಣೀರು ತುಂಬಿ ಮೂರು ದಿವಸ ಬಿಡಬೇಕು. ಮೊದಲ ದಿವಸ ಒಂದಿಷ್ಟು ಜಿನುಗಿದರೆ ಗಾಬರಿ ಬೇಡ. ಮೂರನೆಯ ದಿವಸವೂ ಧಾರೆಯಾದರೆ ಸಂದಿನ ಓರೆ ತಪ್ಪಿದೆಯೆಂದು ತಿಳಿದು, ಆ ಹಲಗೆಯನ್ನು ಬಿಚ್ಚಿ ತಿದ್ದತಕ್ಕದ್ದು.

ಉಬ್ಬಿನ ಪೀಪಾಯಿಯ ವಿಷಯದಲ್ಲಿ ಇಷ್ಟು ಹೇಳಿದರೆ ಸಾಕು: ಅದರ ಹಲಗೆಗಳು ನಡುವೆ ಅಗಲ, ಎರಡು ತುದಿಗಳಲ್ಲಿ ಕಿರಿದು. ಒಂದು ತುದಿಗೆ ಬಳೆ ತೊಡಿಸಿ ನಿಲ್ಲಿಸಿದಾಗ ಇನ್ನೊಂದು ತುದಿ ಲಂಗದಂತೆ ಹರಡಿರುತ್ತದೆ. ಒಳಗೆ ಸಣ್ಣ ಬೆಂಕಿಯನ್ನು ಉರಿಸಿ, ಹಲಗೆಗಳ ಮೇಲೆ ನೀರು ಚಿಮುಕಿಸುತ್ತ ಕಾಯಿಸಿದರೆ ಮರವು ಮೆತ್ತಗಾಗುತ್ತದೆ. ಆಗ ಹಗ್ಗದಿಂದ ಬಿಗಿದು ಬಳೆ ಹೊಡೆದರೆ ತಣ್ಣಗಾದ ಮೇಲೆ ಬಾಗು ಹಾಗೆಯೇ ನಿಲ್ಲುತ್ತದೆ. ಒಂದು ಹಲಗೆ ಸೀಳಿದರೆ ಆ ದಿನದ ಕೆಲಸ ವ್ಯರ್ಥ.

ಬೇಸಗೆಯ ಅಪಾಯ

ಮರದ ಪೀಪಾಯಿಯ ದೊಡ್ಡ ಶತ್ರು ಮಳೆಯಲ್ಲ, ಬಿಸಿಲು. ವರ್ಷಕ್ಕೆ ಸುಮಾರು 3,500ರಿಂದ 4,000 ಮಿಲ್ಲಿಮೀಟರು ಮಳೆ ಬೀಳುವ ಈ ಜಿಲ್ಲೆಯಲ್ಲಿ ಆ ಮಳೆಯ ಹೆಚ್ಚಿನ ಪಾಲು ನಾಲ್ಕೇ ತಿಂಗಳಲ್ಲಿ ಸುರಿದು, ಫೆಬ್ರವರಿಯಿಂದ ಮೇ ತಿಂಗಳವರೆಗೆ ಕೊಟ್ಟಿಗೆಯ ಮೂಲೆಯಲ್ಲಿ ಬರಿದಾಗಿ ಬಿದ್ದ ಪೀಪಾಯಿ ಕುಗ್ಗಿ, ಬಳೆ ಸಡಿಲಿ, ಎತ್ತಿದರೆ ಕಟ್ಟಿಗೆಯ ಹೊರೆಯಂತೆ ಕಳಚುತ್ತದೆ. ಕೊಳೆರೋಗಕ್ಕೆ ಮೊದಲ ಸಿಂಪರಣೆ ನಡೆಯಬೇಕಾದದ್ದು ಮುಂಗಾರು ಹಿಡಿಯುವ ಮುಂಚೆ, ಎಂದರೆ ಮೇ ಕೊನೆ ಅಥವಾ ಜೂನಿನ ಮೊದಲ ದಿವಸಗಳಲ್ಲಿ. ಪೀಪಾಯಿ ಅತ್ಯಂತ ಒಣಗಿರುವುದೂ ಆಗಲೇ! ಮೋಡ ಕಟ್ಟಿದ ದಿವಸ ಮರ ಹತ್ತುವವರನ್ನು ಕರೆಸಿ, ಮೈಲುತುತ್ತು ಕರಗಿಸಿ, ಪೀಪಾಯಿ ಸೋರುವುದನ್ನು ಕಂಡು ಕೈಕಟ್ಟಿ ಕುಳಿತರೆ ಮರುದಿನ ಮಳೆ ಹಿಡಿದಿರುತ್ತದೆ. ಆದಕಾರಣ ಬೇಸಗೆಯಲ್ಲಿ ನೆರಳಿನಲ್ಲಿಟ್ಟು ತಳದಲ್ಲಿ ನಾಲ್ಕು ಬೆರಳು ನೀರನ್ನು ಯಾವಾಗಲೂ ಬಿಟ್ಟಿರುವುದು, ಸೊಳ್ಳೆ ಮೊಟ್ಟೆಯಿಡದಂತೆ ವಾರಕ್ಕೊಮ್ಮೆ ಅದನ್ನು ಚೆಲ್ಲಿ ಬದಲಿಸುವುದು, ಮೇ ತಿಂಗಳ ನಡುವಿಗೆ ಬಳೆ ಹೊಡೆದು ತುಂಬ ನೀರು ನಿಲ್ಲಿಸುವುದು, ಇಷ್ಟನ್ನು ತಪ್ಪದೆ ಮಾಡತಕ್ಕದ್ದು. ಹೊರಮೈಗೂ ಬಳೆಗೂ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಬಳಿದರೆ ಗೆದ್ದಲು ಹತ್ತಿರ ಬಾರದು, ಕಬ್ಬಿಣವೂ ಬಾಳುತ್ತದೆ. ಅದು ಚರ್ಮವನ್ನು ಸುಡುವುದರಿಂದ ಕೋಲಿಗೆ ಬಟ್ಟೆ ಸುತ್ತಿ ಬಳಿಯಬೇಕು, ಒಳಗೆ ಬಳಿಯಬಾರದು.

ಕಲಸುವಾಗ

ಐವತ್ತು ಲೀಟರು ಹಿಡಿಯುವ ಇನ್ನೊಂದು ಚಿಕ್ಕ ತೊಟ್ಟಿಯನ್ನು ಇದೇ ಕ್ರಮದಲ್ಲಿ, ತಳ 17, ಬಾಯಿ 15, ಎತ್ತರ 18 ಅಂಗುಲಕ್ಕೆ ಮಾಡಿಸಿಕೊಂಡರೆ ಜೋಡಿ ಪೂರ್ತಿಯಾಗುತ್ತದೆ. ಅಂಗುಲದ ಲೆಕ್ಕ ಮರದ ಕೆಲಸದಲ್ಲಿ ಕೂದಲೆಳೆಯಷ್ಟು ಸರಿಬರುವುದಿಲ್ಲವಾದ್ದರಿಂದ, ಅಳತೆಯ ಪಾತ್ರೆಯಿಂದ ನೀರನ್ನು ಹೊಯ್ದು, ಐವತ್ತು ಮತ್ತು ನೂರು ಲೀಟರು ನಿಲ್ಲುವಲ್ಲಿ ಒಳಗಡೆ ಉಳಿಯಿಂದ ಗುರುತು ಮಾಡಿಡಬೇಕು. ಚಿಕ್ಕದರಲ್ಲಿ ಐವತ್ತು ಲೀಟರು ನೀರು ತುಂಬಿ, ಒಂದು ಕಿಲೋ ಮೈಲುತುತ್ತನ್ನು ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ ನೀರಿನ ಮೇಲುಭಾಗದಲ್ಲಿ ತೂಗಬಿಡಬೇಕು. ಕರಗಿದ ನೀರು ಭಾರವಾಗಿ ತಳಕ್ಕಿಳಿಯುವುದರಿಂದ ಹರಳಿಗೆ ಸದಾ ಹೊಸ ನೀರು ತಾಗುತ್ತದೆ. ತಳಕ್ಕೆ ಹಾಕಿದರೆ ಗಂಟೆಗಟ್ಟಲೆ ಕರಗದು. ದೊಡ್ಡದರಲ್ಲಿ ಒಂದು ಕಿಲೋ ಒಳ್ಳೆಯ ಸುಟ್ಟ ಸುಣ್ಣವನ್ನು ಸ್ವಲ್ಪ ನೀರಿನಲ್ಲಿ ಅರಳಿಸಿ, ಐವತ್ತು ಲೀಟರಿಗೆ ಏರಿಸಿ, ಸೋಸಿಕೊಳ್ಳಬೇಕು. ತಣ್ಣಗಾದ ಮೇಲೆ ನೀಲಿ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹೊಯ್ಯುತ್ತ ಮರದ ಕೋಲಿನಿಂದ ತಿರುವುತ್ತಿರಬೇಕು. ಚೂರಿಯ ಪರೀಕ್ಷೆ ಮಾಡಿ, ಅದೇ ದಿವಸ ಬಳಸಿ ಮುಗಿಸಬೇಕು. ಎರಡನೆಯ ಸಿಂಪರಣೆಯು 40ರಿಂದ 45 ದಿವಸಗಳ ಮೇಲೆ; ಮಳೆ ಬಿಡದಿದ್ದರೆ ಮೂರನೆಯದೂ ಬೇಕಾಗಬಹುದು. ಸುಳ್ಯದ ಕೆಲವು ಗ್ರಾಮಗಳನ್ನು ಪೀಡಿಸುತ್ತಿರುವ ಹಳದಿ ಎಲೆ ರೋಗವು ಬೇರೆ ವ್ಯಾಧಿ. ಅದಕ್ಕೆ ಈ ಮದ್ದನ್ನು ಹೊಡೆದು ಹಣ ಕಳೆಯಬಾರದು.

ಮದ್ದಿನ ಪೀಪಾಯಿಯನ್ನು ಎಷ್ಟು ತೊಳೆದರೂ ಮರದ ಒಳಗೆ ತಾಮ್ರ ಉಳಿದೇ ಇರುತ್ತದೆ. ಅದರಲ್ಲಿ ದನಕ್ಕೆ ನೀರಿಡುವುದಾಗಲಿ, ಮಾವಿನಮಿಡಿಯನ್ನೋ ಹಲಸಿನ ಸೊಳೆಯನ್ನೋ ಉಪ್ಪಿನಲ್ಲಿ ಹಾಕುವುದಾಗಲಿ ಎಂದಿಗೂ ಕೂಡದು. ಹುಳಿಯೂ ಉಪ್ಪೂ ಸೇರಿದಲ್ಲಿ ಆ ತಾಮ್ರವು ಸಲೀಸಾಗಿ ಹೊರಬರುತ್ತದೆ. ಅಡಿಗೆಮನೆಗೆ ಬೇರೆಯೇ ಪೀಪಾಯಿ ಮಾಡಿಸಿ, ಎರಡಕ್ಕೂ ಕತ್ತಲಲ್ಲಿ ಕೈಯಿಟ್ಟರೂ ತಿಳಿಯುವಂತೆ ಗುರುತಿಡಬೇಕು. ಮದ್ದಿನದರ ಬಾಯಿಯ ಅಂಚಿನಲ್ಲಿ ಮೂರು ಕಡೆ ಉಳಿಯ ಕಚ್ಚು ಹಾಕಿದರೆ ಸಾಕು. ಒಂದು ಮನೆಯವರು ಒಬ್ಬರೇ ಆಚಾರಿಯನ್ನು ಕೂರಿಸುವುದಕ್ಕಿಂತ ನಾಲ್ಕೈದು ತೋಟದವರು ಕೂಡಿ ಒಂದೇ ದಿಮ್ಮಿಯನ್ನು ಕೊಯ್ಯಿಸಿದರೆ ಅರೆಯ ದಿಕ್ಕಿನ ಹಲಗೆಗಳು ಎಲ್ಲರಿಗೂ ಸಾಲುತ್ತವೆ, ಕೂಲಿಯೂ ಹಂಚಿಹೋಗುತ್ತದೆ. ಊರಿನ ಮುಖಂಡರು ಇದಕ್ಕೆ ಮುಂದಾಗಿ, ಅಂಚಿನ ಓರೆಯ ಅಚ್ಚುಗಳನ್ನೂ ಕಚ್ಚು ಕೊರೆಯುವ ದಿಂಡನ್ನೂ ಸಹಕಾರಿ ಸಂಘದಲ್ಲಿ ಇರಿಸಿ, ಬೇಕಾದವರಿಗೆ ಎರವಲು ಕೊಡುವ ಏರ್ಪಾಡನ್ನು ದಿಮ್ಮಿ ಕೊಯ್ಯಿಸುವ ಮುಂಚೆಯೇ ಮಾಡಿಡತಕ್ಕದ್ದು.